ಶಾರ್ಪ್ಸ್ ರೈಫಲ್ಲಿಗೆ ಕರಿಮದ್ದಿನ ತೋಟೆ: .45-70 ಕೈಯಾರೆ ತುಂಬುವ ಕ್ರಮ

ಅಮೆರಿಕದ ಶಾರ್ಪ್ಸ್ ಕಂಪನಿ 1881ರಲ್ಲೇ ಬಾಗಿಲು ಹಾಕಿತು. ಅದರ 1874ರ ಮಾದರಿಯ ರೈಫಲ್ ಮಾತ್ರ ಈಗಲೂ ಹೊಸದಾಗಿ ತಯಾರಾಗುತ್ತಿದೆ. ಇಟಲಿಯ ಪೆಡೆರ್ಸೋಲಿ ಮತ್ತು ಉಬೆರ್ಟಿ, ಮೊಂಟಾನಾದ ಬಿಗ್ ಟಿಂಬರ್ ಎಂಬ ಪುಟ್ಟ ಊರಿನ ಶೈಲೋ ಮತ್ತು ಸಿ. ಶಾರ್ಪ್ಸ್, ಈ ಹೆಸರುಗಳು ಹವ್ಯಾಸಿಗಳಿಗೆಲ್ಲ ಗೊತ್ತು. ಉಕ್ಕು ಇಂದಿನದು, ವಿನ್ಯಾಸ ಅಂದಿನದು. ಹೆಚ್ಚಿನವರು ಕೊಳ್ಳುವುದು .45-70 ತೋಟೆ ಹಾಕುವ ರೈಫಲ್. 1873ರಲ್ಲಿ ಅಮೆರಿಕದ ಸೇನೆ ತನ್ನ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿಗೆಂದು ತಂದ ತೋಟೆ ಇದು. ಆಗ ಅದರಲ್ಲಿ ಇದ್ದದ್ದು 70 ಗ್ರೇನ್ ಕರಿಮದ್ದು ಮತ್ತು 405 ಗ್ರೇನ್ ತೂಕದ ಸೀಸದ ಗುಂಡು.

ಇವತ್ತು ಅಂಗಡಿಯಲ್ಲಿ ಸಿಗುವ .45-70 ಡಬ್ಬಿಗಳಲ್ಲಿ ಬಹುಪಾಲು ಹೊಗೆರಹಿತ ಮದ್ದೇ ಇರುತ್ತದೆ. ಅದನ್ನು ಹೊಡೆದರೆ ರೈಫಲ್ ಕೆಲಸ ಮಾಡುತ್ತದೆ ನಿಜ, ಆದರೆ ಕರಿಮದ್ದಿನ ಪಂದ್ಯಗಳಿಗೆ ಅದು ನಡೆಯುವುದಿಲ್ಲ. ಹಾಗಾಗಿ ಶಾರ್ಪ್ಸ್ ಕೊಂಡವರು ಬಹುಬೇಗ ತೋಟೆ ತುಂಬುವ ಮೇಜಿನ ಮುಂದೆ ಕೂರುತ್ತಾರೆ. ಹೊಗೆರಹಿತ ಮದ್ದಿನ ತೋಟೆ ತುಂಬಿ ಅಭ್ಯಾಸವಿರುವವರಿಗೂ ಇಲ್ಲಿ ಹೊಸದಾಗಿ ಕಲಿಯುವುದಿದೆ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗುವುದಿಲ್ಲ. ಹೊಗೆಯಾಗಿ, ಕಿಟ್ಟವಾಗಿ ಉಳಿಯುತ್ತದೆ. ಒಂದು ಗುಂಡು ಹೊಡೆದ ಮೇಲೆ ಮುಂದಿನ ಗುಂಡು ಆ ಕಿಟ್ಟದ ಮೇಲೆಯೇ ಹಾದುಹೋಗಬೇಕು. ಗುಂಡಿನ ಲೋಹ, ಜಿಡ್ಡು, ಮದ್ದಿಗೂ ಗುಂಡಿಗೂ ನಡುವೆ ಇಡುವ ತೆಳ್ಳನೆಯ ಬಿಲ್ಲೆ, ಮದ್ದನ್ನು ಒತ್ತುವ ಪ್ರಮಾಣ ಹೀಗೆ ಕೆಳಗೆ ಬರುವ ಪ್ರತಿಯೊಂದನ್ನೂ ಆರಿಸುವುದು ಆ ಕಿಟ್ಟ ಮೆತ್ತಗೆ ಇರಲಿ, ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿರಲಿ ಎಂದು.

ಮೊದಲು ಕಾನೂನು

ಅಮೆರಿಕದಲ್ಲಿ ನಳಿಗೆಯ ಬಾಯಿಯಿಂದಲೇ ಮದ್ದು ತುಂಬುವ ಹಳೆಯ ಮಾದರಿಯ ಕೋವಿಗೆ ಇರುವ ಸಡಿಲಿಕೆ ಈ ರೈಫಲ್ಲಿಗೆ ಇಲ್ಲ. ಈಗಲೂ ಮಾರುಕಟ್ಟೆಯಲ್ಲಿ ಸಿಗುವ ತೋಟೆಯನ್ನು ಹಾಕುವ ಪ್ರತಿಕೃತಿ ಯಾವ ಕಾಲದ ರೂಪದಲ್ಲಿದ್ದರೂ ಕಾನೂನಿನ ಕಣ್ಣಿಗೆ ಆಧುನಿಕ ಬಂದೂಕೇ. ಹೊಸದನ್ನು ಪರವಾನಗಿ ಇರುವ ವ್ಯಾಪಾರಿಯ ಮೂಲಕ, ಫಾರ್ಮ್ ಭರ್ತಿ ಮಾಡಿಯೇ ಕೊಳ್ಳಬೇಕು. ಎಚ್-1ಬಿಯಂಥ ವಲಸೆಯೇತರ ವೀಸಾದಲ್ಲಿರುವ ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಂಥವರು ಬಂದೂಕು ಇಟ್ಟುಕೊಳ್ಳುವುದನ್ನು ಒಕ್ಕೂಟ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ತೋಟೆಗೂ ಅದೇ ನಿಷೇಧ. ಯಾವುದಾದರೂ ರಾಜ್ಯದ ಬೇಟೆ ಪರವಾನಗಿ ಇರುವುದು ಮುಂತಾದ ಕೆಲವು ವಿನಾಯಿತಿಗಳುಂಟು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಸ್ವಂತ ಬಳಕೆಗೆ ತೋಟೆ ತುಂಬಲು ಒಕ್ಕೂಟದ ಪರವಾನಗಿ ಬೇಡ, ಮಾರುವ ವ್ಯವಹಾರಕ್ಕೆ ಬೇಕು. ಮನೆಯಲ್ಲಿ ಎಷ್ಟು ಕರಿಮದ್ದು ಇಡಬಹುದೆಂಬುದನ್ನು ಸ್ಥಳೀಯ ಅಗ್ನಿಶಾಮಕ ಇಲಾಖೆಯಲ್ಲಿ ಕೇಳಿ ತಿಳಿದುಕೊಳ್ಳಿ. ಬಾಡಿಗೆ ಮನೆಯಲ್ಲಿದ್ದರೆ ಕರಾರುಪತ್ರವನ್ನೂ ಓದಿ.

ಭಾರತದಲ್ಲಿ ಓದುತ್ತಿರುವವರಿಗೆ: 1959ರ ಆಯುಧ ಕಾಯ್ದೆಯ 5ನೆಯ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ತೋಟೆ ತಯಾರಿಸುವುದು ಅಪರಾಧ. ಕೊಡಗಿನವರಿಗಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಅದನ್ನು ಈ ಕೆಲಸಕ್ಕೆ ಅನುಮತಿ ಎಂದುಕೊಳ್ಳಬೇಡಿ.

ಮೇಜಿನ ಮೇಲೆ ಏನೇನಿರಬೇಕು

ಒಂದೇ ಹಂತದ ಗಟ್ಟಿ ಪ್ರೆಸ್ ಸಾಕು. ಗಂಟೆಗೆ ನೂರಾರು ತೋಟೆ ತೆಗೆಯುವ ಯಂತ್ರದಿಂದ ಇಲ್ಲಿ ಉಪಯೋಗವಿಲ್ಲ. .45-70 ಡೈಗಳ (ಪ್ರೆಸ್ಸಿಗೆ ಸಿಕ್ಕಿಸಿ ಕೇಸಿಗೆ ಆಕಾರ ಕೊಡುವ, ಗುಂಡು ಕೂರಿಸುವ ಉಪಕರಣಗಳ) ಸೆಟ್, ಅದರ ಜೊತೆಗೆ ಬೇರೆಯಾಗಿ ಕೊಳ್ಳಬೇಕಾದ ಮದ್ದು ಒತ್ತುವ ಡೈ, 0.1 ಗ್ರೇನ್ ತೋರಿಸುವ ತಕ್ಕಡಿ, ಸಾವಿರದ ಒಂದಂಶ ಇಂಚು ಅಳೆಯುವ ಕ್ಯಾಲಿಪರ್, ಕೇಸಿನ (ತೋಟೆಯ ಹಿತ್ತಾಳೆ ಕವಚದ) ಬಾಯಿ ಕತ್ತರಿಸುವ ಟ್ರಿಮ್ಮರ್, 24ರಿಂದ 30 ಇಂಚು ಉದ್ದದ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಕೊಳವೆ, 50 ಕೇಸು ನಿಲ್ಲಿಸುವ ಮರದ ಹಲಗೆ. ಮದ್ದು ಅಳೆದು ಸುರಿಯುವ ಮಾಪಕವನ್ನು ಬಳಸುವುದಾದರೆ ಕರಿಮದ್ದಿಗೆಂದೇ ಮಾಡಿದ್ದನ್ನು ಕೊಳ್ಳಿ. ಉಕ್ಕಿಗೆ ಉಕ್ಕು ಉಜ್ಜುವ ಮಾಪಕವಾಗಲಿ, ಪ್ಲಾಸ್ಟಿಕ್ ಡಬ್ಬವಿರುವ ಮಾಪಕವಾಗಲಿ ಬೇಡ. ಕರಿಮದ್ದು ಕಿಡಿ ತಾಗಿದರೆ ಹೊಗೆರಹಿತ ಮದ್ದಿಗಿಂತ ಬಹಳ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ಬಯಲಲ್ಲಿ ಚೆಲ್ಲಿದ್ದರೂ ಭಗ್ಗೆಂದು ಒಮ್ಮೆಲೇ ಉರಿದು ಮುಗಿಯುತ್ತದೆ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಇರಲಿ, ಅದೂ ಮುಚ್ಚಳ ಹಾಕಿ. ಸೀಸ ಕರಗಿಸುವ ಜಾಗ ಮತ್ತು ಮದ್ದು ತುಂಬುವ ಜಾಗ ಬೇರೆ ಬೇರೆ ಕೋಣೆಗಳಲ್ಲಿರಬೇಕು. ಎರಡು ಕೆಲಸಗಳನ್ನು ಒಂದೇ ದಿನ ಮಾಡದಿದ್ದರೆ ಇನ್ನೂ ಒಳ್ಳೆಯದು.

ಅಳತೆಗಳನ್ನು ಈ ಹವ್ಯಾಸದ ರೂಢಿಯಂತೆ ಗ್ರೇನ್ ಮತ್ತು ಇಂಚುಗಳಲ್ಲೇ ಕೊಟ್ಟಿದೆ. ಒಂದು ಪೌಂಡಿಗೆ 7000 ಗ್ರೇನ್; ಒಂದು ಗ್ರಾಂ ಎಂದರೆ ಸುಮಾರು 15.4 ಗ್ರೇನ್.

ನಳಿಗೆಯನ್ನು ಅಳೆಯದೆ ಗುಂಡು ಕೊಳ್ಳಬೇಡಿ

ಕಾಗದದ ಮೇಲೆ .45-70 ನಳಿಗೆಯ ಗಾಡಿಗಳ (ಒಳಗೆ ಸುರುಳಿಯಾಗಿ ಕೊರೆದ ಗೀರುಗಳ) ವ್ಯಾಸ .458 ಇಂಚು. ನಿಮ್ಮ ರೈಫಲ್ಲಿನದು ಅಷ್ಟೇ ಇರಬೇಕೆಂದಿಲ್ಲ. ನಳಿಗೆಗೆ ತುಸು ಎಣ್ಣೆ ಸವರಿ, ನಳಿಗೆಗಿಂತ ಸ್ವಲ್ಪ ದಪ್ಪನೆಯ ಶುದ್ಧ ಸೀಸದ ತುಂಡನ್ನು ಮರದ ಕೋಲಿನಿಂದ ಮೆಲ್ಲಗೆ ತಳ್ಳಿ ಹೊರತೆಗೆಯಿರಿ. ಅದರ ಮೇಲೆ ಗಾಡಿಗಳ ಅಚ್ಚು ಮೂಡಿರುತ್ತದೆ. ಉಬ್ಬಿದ ಭಾಗಗಳ ನಡುವಿನ ಅಳತೆಯೇ ಗಾಡಿಯ ವ್ಯಾಸ. ಗುಂಡು ಅದಕ್ಕೆ ಸರಿಸಮವಾಗಿರಬೇಕು ಅಥವಾ ಸಾವಿರದ ಒಂದಂಶ ಇಂಚು ದಪ್ಪವಿರಬೇಕು. ತೆಳ್ಳಗಿರಬಾರದು. ತಳ್ಳುವಾಗ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದೂ ಕೈಗೆ ತಿಳಿಯುತ್ತದೆ, ಬರೆದಿಟ್ಟುಕೊಳ್ಳಿ.

ಗುಂಡಿನ ತೂಕ ಆರಿಸುವುದು ಎಷ್ಟು ದೂರ ಹೊಡೆಯುತ್ತೀರಿ ಎಂಬುದರ ಮೇಲೆ. 100 ಗಜದ ಕಾಗದದ ಗುರಿಗೆ 405 ಗ್ರೇನ್ ಧಾರಾಳ, ಭುಜಕ್ಕೂ ಹಿತ. ಅಮೆರಿಕದ ಎನ್‌ಆರ್‌ಎ ಕರಿಮದ್ದು ಸಿಲೂಯೆಟ್ ಪಂದ್ಯದಲ್ಲಿ 200 ಮೀಟರಿನಲ್ಲಿ ಕೋಳಿ, 300ರಲ್ಲಿ ಹಂದಿ, 385ರಲ್ಲಿ ಟರ್ಕಿ, 500ರಲ್ಲಿ ಟಗರಿನ ಉಕ್ಕಿನ ಆಕೃತಿಗಳಿರುತ್ತವೆ. ಆ ಟಗರಿಗೆ ತಾಗಿದರೆ ಸಾಲದು, ಅದು ಉರುಳಬೇಕು. ಅದಕ್ಕೆ 500ರಿಂದ 535 ಗ್ರೇನಿನ ಗುಂಡೇ ಬೇಕು. ಇಂದಿನ ಶಾರ್ಪ್ಸ್ ಪ್ರತಿಕೃತಿಗಳ ನಳಿಗೆಯಲ್ಲಿ ಸಾಮಾನ್ಯವಾಗಿ 18 ಇಂಚಿಗೆ ಒಂದು ಸುತ್ತು ಇರುವುದರಿಂದ ಅಷ್ಟು ಉದ್ದದ ಗುಂಡೂ ಅಲುಗದೆ ಸಾಗುತ್ತದೆ.

ಗುಂಡು ಎರೆಯುವುದು

ಇಲ್ಲಿ ಗಟ್ಟಿ ಲೋಹ ಒಳ್ಳೆಯದಲ್ಲ. ಕರಿಮದ್ದು ಹೊತ್ತಿದ ಕ್ಷಣ ಗುಂಡಿನ ಬುಡಕ್ಕೆ ಬೀಳುವ ಏಟಿಗೆ ಬುಡ ಸ್ವಲ್ಪ ಅಗಲಗೊಂಡು ಗಾಡಿಗಳನ್ನು ತುಂಬಬೇಕು, ಆಗಲೇ ಅನಿಲ ಪಕ್ಕದಿಂದ ನುಸುಳುವುದು ನಿಲ್ಲುತ್ತದೆ. ಅದಕ್ಕೆ ಹೊಂದುವುದು ಸೀಸ 20 ಪಾಲಿಗೆ ತವರ 1 ಪಾಲು. 10 ಪೌಂಡ್ ಶುದ್ಧ ಸೀಸಕ್ಕೆ ಅರ್ಧ ಪೌಂಡ್ ತವರ. 30ಕ್ಕೆ 1 ಇನ್ನೂ ಮೆದು, 16ಕ್ಕೆ 1 ತುಸು ಗಡುಸು. ಉದ್ದ ಮೂಗಿನ ಗುಂಡು ಏಟಿಗೆ ಬಾಗುತ್ತದೆ ಎಂಬ ಅನುಮಾನ ಬಂದಾಗ 16ರ ಕಡೆ ಹೋಗುತ್ತಾರೆ. ಕಾರಿನ ಚಕ್ರದ ತೂಕದ ಬಿಲ್ಲೆಗಳನ್ನು ಕರಗಿಸಿ ಬಳಸಬೇಡಿ: ಅದರಲ್ಲಿರುವ ಆಂಟಿಮನಿ ಗುಂಡನ್ನು ಗಡುಸಾಗಿಸುತ್ತದೆ. ಸತುವಿನ ಬಿಲ್ಲೆ ಒಂದು ಬೆರೆತರೂ ಲೋಹ ಅಚ್ಚಿನ ಮೂಲೆಗಳಿಗೆ ಇಳಿಯುವುದಿಲ್ಲ.

ಸೀಸ 327 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ಎರೆಯಲು 380ರಿಂದ 400 ಬೇಕು. ಕಡಲೆಕಾಳಿನಷ್ಟು ಜೇನುಮೇಣ ಹಾಕಿ ಕಲಕಿದರೆ ಮೇಲೆ ಬಂದ ತವರ ಮತ್ತೆ ಸೀಸದೊಳಗೆ ಸೇರುತ್ತದೆ. ಮೇಲ್ಪದರದ ಬೂದಿಯನ್ನು ಆಮೇಲೆ ತೆಗೆಯಿರಿ. ಮೊದಲ ಹತ್ತು ಹದಿನೈದು ಗುಂಡುಗಳು ಸುಕ್ಕುಗಟ್ಟಿ ಬರುತ್ತವೆ, ಅಚ್ಚು ಇನ್ನೂ ಕಾದಿಲ್ಲ ಎಂದರ್ಥ. ಅವನ್ನು ಮಡಕೆಗೆ ವಾಪಸು ಹಾಕಿ. ಮೇಲ್ಮೈ ಹಿಮ ಹಿಡಿದಂತೆ ಮಂಕಾದರೆ ಶಾಖ ಹೆಚ್ಚಾಗಿದೆ. ಬುಡದ ಅಂಚು ಚೂಪಾಗಿ ತುಂಬಿದ್ದರೆ ಮಾತ್ರ ಇಟ್ಟುಕೊಳ್ಳಿ. ಮೂಗಿನಲ್ಲಿ ಸಣ್ಣ ಕಲೆ ಇದ್ದರೆ ಗುರಿಗೆ ಅಷ್ಟೇನೂ ವ್ಯತ್ಯಾಸವಾಗದು, ಬುಡದ ಅಂಚು ದುಂಡಾಗಿದ್ದರೆ ಆ ಗುಂಡು ಗುರಿಯ ಕಾಗದದಲ್ಲಿ ಉಳಿದವುಗಳ ಗುಂಪಿನಿಂದ ಹೊರಗೆ ಬೀಳುವುದು ಖಂಡಿತ. ತಣಿದ ಮೇಲೆ ತೂಗಿ, ಒಂದು ಗ್ರೇನಿನ ಅಂತರದೊಳಗಿನವನ್ನು ಒಂದು ಗುಂಪು ಮಾಡಿ. ಮಿಕ್ಕವುಗಳಿಗಿಂತ ಎದ್ದು ಕಾಣುವಷ್ಟು ಹಗುರವಾದ ಗುಂಡಿನೊಳಗೆ ಗಾಳಿಗುಳ್ಳೆ ಇರುತ್ತದೆ.

ಕರಗಿದ ಸೀಸಕ್ಕೆ ಒಂದು ಹನಿ ನೀರು ಬಿದ್ದರೆ ಅದು ಕ್ಷಣಾರ್ಧದಲ್ಲಿ ಆವಿಯಾಗಿ ಇಡೀ ಮಡಕೆಯ ಲೋಹವನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಬೆವರಿನ ಹನಿಗೂ ಅದೇ ಗತಿ. ಪೂರ್ತಿ ತೋಳಿನ ಹತ್ತಿ ಅಂಗಿ, ಕನ್ನಡಕ, ಚರ್ಮದ ಕೈಗವಸು, ಮುಚ್ಚಿದ ಶೂ ಹಾಕಿಕೊಳ್ಳಿ. ಗಾಳಿ ಓಡಾಡುವ ಜಾಗದಲ್ಲಿ ಕೂರಿ. ಅಡುಗೆಮನೆಯ ಪಾತ್ರೆ ಬಳಸಬೇಡಿ. ಕೆಲಸ ಮುಗಿಸಿ ಸೋಪು ಹಚ್ಚಿ ಕೈ ತೊಳೆಯುವ ತನಕ ಕಾಫಿಯೂ ಬೇಡ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

ಜಿಡ್ಡು

ಗುಂಡಿನ ಸುತ್ತಲಿನ ಗಾಡಿಗಳಲ್ಲಿ ತುಂಬುವ ಜಿಡ್ಡಿಗೆ ಹೊಗೆರಹಿತ ಮದ್ದಿನ ಗುಂಡುಗಳ ಗಟ್ಟಿ ಮೇಣ ಆಗುವುದಿಲ್ಲ. ಪೆಟ್ರೋಲಿಯಂ ಮೂಲದ ಗ್ರೀಸು, ಮೇಣಗಳು ಕರಿಮದ್ದಿನ ಕಿಟ್ಟದೊಡನೆ ಬೆರೆತು ಡಾಂಬರಿನ ಪದರ ಕಟ್ಟುತ್ತವೆ. ಜೇನುಮೇಣಕ್ಕೆ ಕೊಬ್ಬು ಅಥವಾ ಸಸ್ಯಜನ್ಯ ಎಣ್ಣೆ ಬೆರೆಸಿದ್ದು ಸರಿಯಾದ ದಾರಿ. ತಯಾರಾಗಿ ಸಿಗುವುದರಲ್ಲಿ ಎಸ್‌ಪಿಜಿ ಹೆಸರಿನದು ಬಹುಕಾಲದಿಂದ ನಡೆದುಬಂದದ್ದು. ಮನೆಯಲ್ಲೇ ಮಾಡುವುದಾದರೆ ಜೇನುಮೇಣ ಮತ್ತು ಆಲಿವ್ ಎಣ್ಣೆಯನ್ನು ತೂಕದಲ್ಲಿ ಸಮ ಪಾಲು ಕರಗಿಸಿ ಶುರುಮಾಡಿ. ಬೇಸಿಗೆಗೆ ಮೇಣ ತುಸು ಹೆಚ್ಚು, ಚಳಿಗೆ ಎಣ್ಣೆ ತುಸು ಹೆಚ್ಚು. ಬೆರಳಿನಲ್ಲಿ ಒತ್ತಿದರೆ ಹರಡಬೇಕು, ಬಿಸಿಲಿನಲ್ಲಿ ಇಟ್ಟ ತೋಟೆಯಿಂದ ಸೋರಬಾರದು.

ಗುಂಡುಗಳನ್ನು ತಟ್ಟೆಯಲ್ಲಿ ನಿಲ್ಲಿಸಿ ಕರಗಿದ ಜಿಡ್ಡು ಸುರಿದು, ತಣಿದ ಮೇಲೆ ಒಂದೊಂದನ್ನೇ ತಳ್ಳಿ ತೆಗೆದರೆ ಗಾಡಿಗಳು ತುಂಬಿಕೊಂಡಿರುತ್ತವೆ. ಬುಡಕ್ಕೆ ಅಂಟಿದ ಜಿಡ್ಡನ್ನು ಒರೆಸುವುದು ಮರೆಯಬೇಡಿ, ಇಲ್ಲವಾದರೆ ಬಿಲ್ಲೆ ಗುಂಡಿಗೇ ಅಂಟಿಕೊಂಡು ಹಾರಿ ಗುರಿ ತಪ್ಪಿಸುತ್ತದೆ.

ಕೇಸು

ಹೊಸ ಹಿತ್ತಾಳೆ ಕೇಸಿನ ಉದ್ದ 2.105 ಇಂಚು ಮೀರಬಾರದು. ಎಲ್ಲವನ್ನೂ 2.100ಕ್ಕೆ ಕತ್ತರಿಸಿ ಸಮ ಮಾಡಿ, ಬಾಯಿಯ ಒಳ ಹೊರ ಅಂಚನ್ನು ನಯಗೊಳಿಸಿ. ಒಂದೇ ಕಂಪನಿಯ ಕೇಸುಗಳನ್ನೇ ಬಳಸಿ, ಏಕೆಂದರೆ ಒಳಗಿನ ಜಾಗ ಕಂಪನಿಯಿಂದ ಕಂಪನಿಗೆ ಬೇರೆ. ಆ ವ್ಯತ್ಯಾಸ ಇಲ್ಲಿ ನೇರವಾಗಿ ಮದ್ದಿನ ಒತ್ತಡದ ವ್ಯತ್ಯಾಸವಾಗುತ್ತದೆ.

ಒಮ್ಮೆ ಹೊಡೆದ ಕೇಸು ನಿಮ್ಮ ರೈಫಲ್ಲಿನ ಕೋಣೆಯ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟೆ ಕೂರುವ ಜಾಗದ, ಆಕಾರಕ್ಕೆ ಹೊಂದಿಕೊಂಡಿರುತ್ತದೆ. ಬೆರಳಿನಿಂದ ತಳ್ಳಿದಾಗ ಮತ್ತೆ ಸಲೀಸಾಗಿ ಒಳಗೆ ಹೋಗುತ್ತದಾದರೆ ಅದನ್ನು ಪೂರ್ತಿ ಕುಗ್ಗಿಸುವ ಅಗತ್ಯವಿಲ್ಲ. ಗುಂಡು ಹಿಡಿಯುವಷ್ಟು ಬಾಯಿಯ ಭಾಗವನ್ನು ಮಾತ್ರ ಕುಗ್ಗಿಸಿ. ಆಮೇಲೆ .457 ಅಥವಾ .458ರ ವಿಸ್ತಾರಕವನ್ನು ತೂರಿಸಿ, ಬಾಯಿಯನ್ನು ಕಣ್ಣಿಗೆ ಕಾಣುವಷ್ಟೇ ಅರಳಿಸಿ. ಮೆದು ಗುಂಡನ್ನು ಬಿಗಿಯಾದ ಕೇಸಿಗೆ ತುರುಕಿದರೆ ಕೇಸು ಗುಂಡನ್ನೇ ಹಿಂಡಿ ತೆಳ್ಳಗೆ ಮಾಡುತ್ತದೆ. ಅಳೆದು ನೋಡಿ ಎರೆದ .459ರ ಗುಂಡು ನಳಿಗೆಗೆ ಹೋಗುವಾಗ .457 ಆಗಿರುತ್ತದೆ! ಶಾರ್ಪ್ಸ್‌ನಲ್ಲಿ ಒಂದು ಸಲಕ್ಕೆ ಒಂದೇ ತೋಟೆ, ಮ್ಯಾಗಜೀನಿನಲ್ಲಿ ಕುಲುಕಾಡುವ ಭಯವಿಲ್ಲ. ಹಾಗಾಗಿ ಕೇಸು ಗುಂಡನ್ನು ಬಿಗಿಯಾಗಿ ಹಿಡಿಯುವ ಅಗತ್ಯವೇ ಇಲ್ಲ.

ನಾಲ್ಕೈದು ಸಲ ಬಳಸಿದ ಮೇಲೆ ಹಿತ್ತಾಳೆ ಗಡುಸಾಗುತ್ತದೆ. ಕರಿಮದ್ದಿನ ಒತ್ತಡ ಕಡಿಮೆ, ಗಡುಸಾದ ಬಾಯಿಯನ್ನು ಅರಳಿಸಿ ಕೋಣೆಯ ಗೋಡೆಗೆ ಅಂಟಿಸಲು ಅದಕ್ಕೆ ಸಾಧ್ಯವಾಗದು. ಕೇಸಿನ ಹೊರಮೈಯಲ್ಲಿ ಬುಡದ ತನಕ ಮಸಿ ಓಡಿದ್ದರೆ ಇದೇ ಕಾರಣ. ಕೇಸನ್ನು ತಿರುಗಿಸುತ್ತ ಬಾಯಿಯ ಭಾಗವನ್ನಷ್ಟೇ ಕೆಲವು ಸೆಕೆಂಡು ಜ್ವಾಲೆಗೆ ಹಿಡಿದು ಹದ ಮಾಡಬೇಕು. ಬುಡ ಯಾವ ಕಾರಣಕ್ಕೂ ಕಾಯಬಾರದು. ಬುಡ ಮೆದುವಾದ ಕೇಸು ಅಪಾಯಕಾರಿ. ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬುಡದ ಪುಟ್ಟ ಬಟ್ಟಲು) ಇಲ್ಲದ, ಖಾಲಿ ಕೇಸುಗಳನ್ನು ಮಾತ್ರ, ಮದ್ದಿನಿಂದ ದೂರದಲ್ಲಿ ಹೀಗೆ ಮಾಡಿ.

ಪ್ರೈಮರ್

ದೊಡ್ಡ ರೈಫಲ್ ಪ್ರೈಮರ್ ಬೇಕು. ಅದರ ಗುಣಿಯಲ್ಲಿ ಉಳಿದ ಕಿಟ್ಟವನ್ನು ಕೆರೆದು ತೆಗೆದ ಮೇಲೆಯೇ ಹೊಸದನ್ನು ಕೂರಿಸಿ. ಕೂರಿಸಿದ್ದು ಕೇಸಿನ ಬುಡದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗಿರಬೇಕು, ಸಾವಿರದ ಮೂರರಿಂದ ಐದಂಶ ಇಂಚು. ಬೆರಳ ತುದಿ ಸವರಿದರೆ ತಿಳಿಯುತ್ತದೆ. ಶಾರ್ಪ್ಸ್‌ನ ಉಕ್ಕಿನ ಅಚ್ಚು (ಬ್ರೀಚ್ ಬ್ಲಾಕ್) ಕೆಳಗಿನಿಂದ ಮೇಲಕ್ಕೆ ಜಾರಿ ಕೋಣೆಯ ಹಿಂಭಾಗವನ್ನು ಮುಚ್ಚುತ್ತದೆ, ಹೊರಗೆ ಚಾಚಿದ ಪ್ರೈಮರ್ ಇದ್ದರೆ ಅದು ತಡೆಯುತ್ತದೆ. ಬಲ ಹಾಕಿ ಮುಚ್ಚಲು ಹೋದರೆ ಪ್ರೈಮರನ್ನು ಉಜ್ಜಿದ ಹಾಗೆ, ಅದು ಮಾಡಬಾರದ ಕೆಲಸ.

ಮದ್ದು

ಕರಿಮದ್ದಿನ ಕಾಳಿನ ಗಾತ್ರವನ್ನು ಎಫ್‌ಜಿ, ಎಫ್‌ಎಫ್‌ಜಿ ಎಂದು ಗುರುತಿಸುತ್ತಾರೆ. ಎಫ್ ಹೆಚ್ಚಾದಂತೆ ಕಾಳು ಸಣ್ಣದು, ಉರಿ ಚುರುಕು. .45-70ಗೆ ಎಫ್‌ಎಫ್‌ಜಿ ಅಥವಾ ಒಂದೂವರೆ ಎಫ್. ಅಮೆರಿಕದ ಗೋಯೆಕ್ಸ್ ಮದ್ದು ತಯಾರಿಕೆ 2021ರಲ್ಲಿ ನಿಂತು, 2022ರಲ್ಲಿ ಎಸ್ಟೆಸ್ ಕಂಪನಿ ಅದನ್ನು ಕೊಂಡ ಮೇಲೆ ಮತ್ತೆ ಬಂದಿದೆ. ಸ್ವಿಸ್ ಮದ್ದು ಸ್ವಿಟ್ಜರ್ಲೆಂಡಿನ ಓಬೊನ್‌ನದು, ಬೆಲೆ ಹೆಚ್ಚು, ಸಾಂದ್ರತೆಯೂ ಶಕ್ತಿಯೂ ಹೆಚ್ಚು, ಕಿಟ್ಟ ಮೆದು. ಡಬ್ಬಿ ಬದಲಾದರೆ ಲೆಕ್ಕ ಮೊದಲಿನಿಂದ ಮಾಡಬೇಕು. ಒಂದರ ತೂಕವನ್ನು ಇನ್ನೊಂದಕ್ಕೆ ಬಳಸಬಾರದು.

ಎರಡು ನಿಷೇಧಗಳಿವೆ, ಇವುಗಳಿಗೆ ವಿನಾಯಿತಿ ಇಲ್ಲ. ಹೊಗೆರಹಿತ ಮದ್ದನ್ನು ಕರಿಮದ್ದಿನ ಅಳತೆಯಲ್ಲಿ ತುಂಬಿದರೆ ರೈಫಲ್ ಒಡೆಯುತ್ತದೆ, ಹೊಡೆದವರ ಕೈ ಮುಖವೂ ಉಳಿಯುವುದಿಲ್ಲ. ಕಿಟ್ಟ ಕಡಿಮೆಯಾಗಲೆಂದು ಕರಿಮದ್ದಿನ ಕೆಳಗೆ ಚಿಟಿಕೆ ಹೊಗೆರಹಿತ ಮದ್ದು ಸೇರಿಸುವ ಹಳೆಯ ಚಾಳಿಯೊಂದಿದೆ, ಅದೂ ಬೇಡ. ಪೈರೋಡೆಕ್ಸ್, ಟ್ರಿಪಲ್ ಸೆವೆನ್‌ನಂಥ ಬದಲಿ ಮದ್ದುಗಳಿಗೆ ಈ ಲೇಖನದ ಲೆಕ್ಕ ಹೊಂದುವುದಿಲ್ಲ. ಅವುಗಳ ತಯಾರಕರ ಸೂಚನೆಯನ್ನೇ ಅನುಸರಿಸಿ.

ಇನ್ನು ಎಷ್ಟು ತುಂಬಬೇಕು? ಕರಿಮದ್ದಿನಲ್ಲಿ ತೂಕವನ್ನು ಮೊದಲು ಗೊತ್ತುಮಾಡುವುದಿಲ್ಲ, ಜಾಗವನ್ನು ಗೊತ್ತುಮಾಡುತ್ತೇವೆ. ಮದ್ದಿಗೂ ಗುಂಡಿನ ಬುಡಕ್ಕೂ ನಡುವೆ ಖಾಲಿ ಜಾಗ ಇರಲೇಬಾರದು. ಖಾಲಿ ಜಾಗ ಬಿಟ್ಟ ತೋಟೆಯಿಂದ ನಳಿಗೆ ಒಳಗಿನಿಂದ ಉಂಗುರದಂತೆ ಉಬ್ಬಿ ಹಾಳಾಗಬಹುದು. ಕಡಿಮೆ ಹಾಕಿದರೆ ಸುರಕ್ಷಿತ ಎಂಬ ಸಾಮಾನ್ಯ ಬುದ್ಧಿ ಇಲ್ಲಿ ತಿರುಗುಮುರುಗಾಗುತ್ತದೆ.

ಲೆಕ್ಕ ಹೀಗೆ. ನಿಮ್ಮ ಗುಂಡು 1.30 ಇಂಚು ಉದ್ದವಿದೆ, ರೈಫಲ್ಲಿನ ಕೋಣೆಗೆ 2.85 ಇಂಚಿನ ತೋಟೆ ಹಿಡಿಸುತ್ತದೆ ಎಂದಿಟ್ಟುಕೊಳ್ಳೋಣ. ಕೇಸು 2.10. ಹಾಗಾದರೆ ಗುಂಡಿನ 0.75 ಇಂಚು ಹೊರಗೆ, 0.55 ಇಂಚು ಕೇಸಿನೊಳಗೆ. ಬಿಲ್ಲೆಯ ದಪ್ಪ 0.06. ಅಂದರೆ ಮದ್ದಿನ ಮೇಲ್ಮಟ್ಟ ಕೊನೆಗೆ ಕೇಸಿನ ಬಾಯಿಯಿಂದ 0.61 ಇಂಚು ಕೆಳಗಿರಬೇಕು. ಸುರಿದು ನೆಲೆಸಿದ ಮದ್ದು ಅದಕ್ಕಿಂತ ಮೇಲಿರಬೇಕು, ಆ ಹೆಚ್ಚಿನಷ್ಟನ್ನು ಡೈ ಒತ್ತಿ ಇಳಿಸುತ್ತದೆ. ಗೋಯೆಕ್ಸ್ ಒತ್ತಿದಷ್ಟೂ ಒಳ್ಳೆಯದಾಗಿ ಉರಿಯುವ ಮದ್ದು, 0.15ರಿಂದ 0.25 ಇಂಚು ಒತ್ತಡ ಬೇಡುತ್ತದೆ. ಸ್ವಿಸ್‌ಗೆ 0.05ರ ಆಸುಪಾಸು ಸಾಕು, ಹೆಚ್ಚು ಒತ್ತಿದರೆ ಗುಂಪು ಕೆದರುವುದೇ ಹೆಚ್ಚು. 500 ಗ್ರೇನ್ ಗುಂಡಿಗೆ ಗೋಯೆಕ್ಸ್ ಎಫ್‌ಎಫ್‌ಜಿ ಸಾಮಾನ್ಯವಾಗಿ 60ರಿಂದ 66 ಗ್ರೇನಿನ ನಡುವೆ ಬರುತ್ತದೆ. ಹೆಸರಿನಲ್ಲಿರುವ 70 ಇಂದಿನ ದಪ್ಪ ಗೋಡೆಯ ಕೇಸಿಗೆ ಉದ್ದ ಗುಂಡಿನ ಜೊತೆ ಹಿಡಿಸುವುದು ಕಷ್ಟ, ಹಿಡಿಸಬೇಕೆಂಬ ಹಟವೂ ಬೇಡ. ರೈಫಲ್ ತಯಾರಕರ ಕೈಪಿಡಿಯನ್ನೂ ಮದ್ದಿನ ಕಂಪನಿಯ ಪಟ್ಟಿಯನ್ನೂ ಮುಂದಿಟ್ಟುಕೊಂಡು, ಖಾಲಿ ಜಾಗ ಉಳಿಯದ ಅತಿ ಕಡಿಮೆ ತೂಕದಿಂದ ಶುರುಮಾಡಿ ಒಂದೊಂದೇ ಗ್ರೇನ್ ಏರಿಸುತ್ತ ಐದೈದು ತೋಟೆ ತುಂಬಿ ನೋಡಿ.

ತೂಗಿದ ಮದ್ದನ್ನು ಉದ್ದ ಕೊಳವೆಯ ಮೂಲಕ ನಿಧಾನವಾಗಿ, ತೆಳ್ಳನೆಯ ಧಾರೆಯಾಗಿ ಸುರಿಯಿರಿ. ಎತ್ತರದಿಂದ ಬೀಳುವ ಕಾಳುಗಳು ಒಂದರ ಪಕ್ಕ ಒಂದು ಒತ್ತಾಗಿ ಕೂರುತ್ತವೆ. ಒಮ್ಮೆಲೇ ಸುರಿದರೆ ಅಡ್ಡಾದಿಡ್ಡಿ ನಿಲ್ಲುತ್ತವೆ. ಅದೇ 62 ಗ್ರೇನ್ ಮದ್ದು ಎರಡು ರೀತಿಯಲ್ಲಿ ಸುರಿದಾಗ ಬೇರೆ ಬೇರೆ ಎತ್ತರಕ್ಕೆ ಬರುವುದನ್ನು ಕಣ್ಣಾರೆ ನೋಡಬಹುದು. ಎಲ್ಲ 50 ಕೇಸುಗಳಿಗೆ ಹಾಕಿದ ಮೇಲೆ ಟಾರ್ಚ್ ಹಿಡಿದು ಹಲಗೆಯ ಮೇಲಿನಿಂದ ನೋಡಿ. ಒಂದರಲ್ಲಿ ಮಟ್ಟ ತಗ್ಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ನಾರಿನ ಅಥವಾ ಮೆದು ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು ಚಪ್ಪಟೆಯಾಗಿ ಮದ್ದಿನ ಮೇಲೆ ಕೂರಿಸಿ, ಒತ್ತುವ ಡೈಯಿಂದ ಲೆಕ್ಕದ ಆಳಕ್ಕೆ ಮೆಲ್ಲಗೆ ಒತ್ತಿ. ಬಿಸಿ ಅನಿಲ ಗುಂಡಿನ ಬುಡವನ್ನು ತಿನ್ನದಂತೆ, ಜಿಡ್ಡು ಮದ್ದಿಗೆ ಇಳಿಯದಂತೆ ಬಿಲ್ಲೆ ಕಾಯುತ್ತದೆ. ಮದ್ದನ್ನು ಗುಂಡಿನಿಂದಲೇ ಒತ್ತಿಬಿಡುವ ಸೋಮಾರಿತನ ಬೇಡ. ಮೆದು ಸೀಸದ ಮೂಗು ಜಜ್ಜಿ, ಬುಡ ಉಬ್ಬಿ, ತೋಟೆ ಕೋಣೆಯೊಳಗೆ ಹೋಗುವುದೇ ಇಲ್ಲ.

ಗುಂಡು ಕೂರಿಸುವುದು

ಮದ್ದು ಆಗಲೇ ಒತ್ತಿ ಇಳಿದಿರುವುದರಿಂದ ಇಲ್ಲಿ ಬಲವೇ ಬೇಕಿಲ್ಲ. ಗುಂಡನ್ನು ಹೆಬ್ಬೆರಳಿನಿಂದ ಇಳಿಸಿದರೆ ಬಿಲ್ಲೆಯ ಮೇಲೆ ನಿಲ್ಲಬೇಕು. ಉಳಿದ ಒಂದೆರಡು ಸಾವಿರದಂಶವನ್ನು ಡೈ ಸರಿಮಾಡುತ್ತದೆ. ಅರಳಿಸಿದ ಬಾಯಿಯನ್ನು ಟೇಪರ್ ಡೈಯಿಂದ ನೇರ ಮಾಡಿ, ಅಷ್ಟೇ. ಗುಂಡಿನ ಮುಂಭಾಗ ನಳಿಗೆಯ ಗಾಡಿಗಳ ಆರಂಭಕ್ಕೆ ತಾಗಿಯೂ ತಾಗದಂತೆ ಇರುವ ಉದ್ದ ಸಾಮಾನ್ಯವಾಗಿ ಅತ್ಯುತ್ತಮ ಗುರಿ ಕೊಡುತ್ತದೆ. ಪೂರ್ಣ ಉದ್ದವನ್ನು ಗೊತ್ತುಮಾಡುವಾಗ ಮದ್ದೂ ಪ್ರೈಮರೂ ಇಲ್ಲದ ಕೇಸಿಗೆ ಗುಂಡು ಕೂರಿಸಿ ಕೋಣೆಗೆ ಹಾಕಿ ನೋಡಿ. ಶಾರ್ಪ್ಸ್‌ನ ಅಚ್ಚಿಗೆ ತೋಟೆಯನ್ನು ಮುಂದಕ್ಕೆ ತಳ್ಳುವ ಶಕ್ತಿ ಹೆಚ್ಚಿಲ್ಲ. ಬೆರಳಿನಿಂದ ಪೂರ್ತಿ ಒಳಹೋಗದ ತೋಟೆಯ ಅಂಚಿಗೆ ಅಚ್ಚು ತಾಗಿ ಸಿಕ್ಕಿಕೊಳ್ಳುತ್ತದೆ. ಸ್ವಚ್ಛ ನಳಿಗೆಯಲ್ಲಿ ಸಲೀಸಾದದ್ದು ಐದು ಗುಂಡು ಹೊಡೆದ ಮೇಲೆ ಕಿಟ್ಟಕ್ಕೆ ತಡೆದು ನಿಂತರೆ 0.01 ಇಂಚು ಆಳಕ್ಕೆ ಕೂರಿಸುವಂತೆ ಬದಲಿಸಿ, ಮದ್ದನ್ನೂ ಅಷ್ಟೇ ಆಳಕ್ಕೆ ಒತ್ತಿ.

ಡಬ್ಬಿಯ ಮೇಲೆ ಚೀಟಿ: ಗುಂಡು, ಲೋಹದ ಪ್ರಮಾಣ, ಮದ್ದಿನ ಹೆಸರು ಮತ್ತು ಲಾಟ್ ನಂಬರು, ತೂಕ, ಒತ್ತಿದ ಆಳ, ಪ್ರೈಮರ್, ದಿನಾಂಕ. ‘ಕರಿಮದ್ದು’ ಎಂದು ದೊಡ್ಡದಾಗಿ ಬರೆಯಿರಿ.

ರೇಂಜಿನಲ್ಲಿ

ಕಣ್ಣು, ಕಿವಿಗೆ ರಕ್ಷಣೆ ಇಲ್ಲದೆ ಶುರುಮಾಡಬೇಡಿ. ಪ್ರತಿ ಗುಂಡಿನ ನಂತರ ಕೇಸು ತೆಗೆದು, ಕೋಣೆ ಖಾಲಿ ಇರುವುದನ್ನು ನೋಡಿ, ಊದುವ ಕೊಳವೆಯನ್ನು ಹಿಂದಿನಿಂದ ಹಾಕಿ ನಿಧಾನವಾಗಿ ಮೂರರಿಂದ ಆರು ಉಸಿರು ಊದಿ. ಕರಿಮದ್ದಿನ ಕಿಟ್ಟ ತೇವವನ್ನು ಹೀರುತ್ತದೆ, ಉಸಿರಿನ ತೇವಕ್ಕೇ ಅದು ಮೆತ್ತಗಾಗುತ್ತದೆ. ಒಣ ಹವೆಯಲ್ಲಿ ಉಸಿರು ಹೆಚ್ಚು ಬೇಕು, ಮಳೆಗಾಲದ ದಿನ ಎರಡು ಸಾಕು. ಇಲ್ಲವೆಂದರೆ ತೇವದ ಬಟ್ಟೆಯನ್ನು ಒಮ್ಮೆ ತೂರಿಸಿ, ಆಮೇಲೆ ಒಣ ಬಟ್ಟೆ. ಎರಡರಲ್ಲಿ ಯಾವುದನ್ನು ಆರಿಸಿದರೂ ಇಡೀ ದಿನ ಅದನ್ನೇ ಮಾಡಿ. ಮಧ್ಯೆ ಬದಲಿಸಿದರೆ ಗುಂಡುಗಳ ಜಾಗವೂ ಬದಲಾಗುತ್ತದೆ.

ನಳಿಗೆಯ ತುದಿಯ ಹೊರ ಅಂಚಿನಲ್ಲಿ ಕಾಡಿಗೆಯಂಥ ಜಿಡ್ಡಿನ ನಕ್ಷತ್ರ ಮೂಡಿದ್ದರೆ ಜಿಡ್ಡು ನಳಿಗೆಯ ಕೊನೆಯ ತನಕ ತಲುಪಿದೆ. ಅಲ್ಲಿ ಒಣ, ಬೂದು ಬಣ್ಣದ ಹುಡಿ ಇದ್ದರೆ ತಲುಪಿಲ್ಲ, ಕೊನೆಯ ಕೆಲವು ಇಂಚುಗಳಲ್ಲಿ ಕಿಟ್ಟ ಗಟ್ಟಿಯಾಗುತ್ತಿದೆ.

ಟ್ರಿಗರ್ ಎಳೆದಾಗ ಕುದುರೆ ಬಿದ್ದೂ ತೋಟೆ ಹಾರದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಿರಿ. ಮದ್ದು ತಡವಾಗಿ ಹೊತ್ತಬಹುದು. ಸದ್ದು ಎಂದಿಗಿಂತ ಮೆಲ್ಲಗೆ ಬಂದರೆ, ನಳಿಗೆಯ ಒಳಗೆ ನೋಡದೆ ಇನ್ನೊಂದು ತೋಟೆ ಹಾಕಬೇಡಿ. ಪ್ರೈಮರಿನ ಏಟಿಗೇ ಗುಂಡು ಸ್ವಲ್ಪ ದೂರ ಹೋಗಿ ಸಿಕ್ಕಿಕೊಂಡಿರಬಹುದು.

ಗುರಿಯ ಕಾಗದ ಹೇಳುವುದು

ಗುಂಡುಗಳು ಮೇಲೆ ಕೆಳಗೆ ಸಾಲಾಗಿ ಹರಡಿದರೆ ವೇಗ ಒಂದೇ ಸಮ ಇಲ್ಲ. ಮೊದಲು ಒತ್ತಿದ ಆಳ, ಆಮೇಲೆ ಪ್ರೈಮರ್, ಆಮೇಲೆ ಕೇಸಿನ ಹದ, ಈ ಕ್ರಮದಲ್ಲಿ ಪರೀಕ್ಷಿಸಿ. ಗುಂಡಿನ ವೇಗ ಅಳೆಯುವ ಕ್ರೊನೊಗ್ರಾಫ್ ಇದ್ದವರಿಗೆ ಇದು ಬೇಗ ಗೊತ್ತಾಗುತ್ತದೆ: 500 ಗ್ರೇನ್ ಗುಂಡು ಸೆಕೆಂಡಿಗೆ ಸುಮಾರು 1200 ಅಡಿ ವೇಗದಲ್ಲಿರುತ್ತದೆ, ಹತ್ತು ಗುಂಡುಗಳ ಮಾನಕ ವಿಚಲನೆ 10 ಅಡಿಯೊಳಗಿದ್ದರೆ ತೋಟೆ ಚೆನ್ನಾಗಿದೆ. ಮೊದಲ ಐದು ಗುಂಡು ಒಂದೇ ಕಡೆ ಬಿದ್ದು ಆಮೇಲೆ ಚದುರಿದರೆ ಕಿಟ್ಟ ಕೂಡಿಕೊಳ್ಳುತ್ತಿದೆ. ಹೆಚ್ಚು ಊದಿ, ಅದೂ ಸಾಲದಿದ್ದರೆ ಜಿಡ್ಡಿನ ಗಾಡಿ ದೊಡ್ಡದಿರುವ ಗುಂಡು ನೋಡಿ. ನಳಿಗೆಯ ಹಿಂಭಾಗದಲ್ಲಿ, ಕೋಣೆಯ ಮುಂದೆ ಬೆಳ್ಳಿ ಬಣ್ಣದ ಸೀಸದ ಪೊರೆ ಕಂಡರೆ ಗುಂಡು ತೆಳ್ಳಗಿದೆ, ಅನಿಲ ಪಕ್ಕದಿಂದ ನುಸುಳುತ್ತಿದೆ. ತುದಿಯ ಬಳಿ ಕಂಡರೆ ಜಿಡ್ಡು ಮುಗಿದಿದೆ. ಕಾಗದದಲ್ಲಿ ತೂತು ದುಂಡಗಿರದೆ ಉದ್ದಕ್ಕೆ ಹರಿದಿದ್ದರೆ ಗುಂಡು ಅಡ್ಡಡ್ಡ ಹಾರುತ್ತಿದೆ ಎಂದರ್ಥ. ಬುಡದ ಅಂಚನ್ನೂ ನಳಿಗೆಗೆ ಹೋಲಿಸಿ ಗುಂಡಿನ ವ್ಯಾಸವನ್ನೂ ಮತ್ತೆ ಅಳೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮದ್ದು, ಗುಂಡು ಎರಡನ್ನೂ ಒಟ್ಟಿಗೆ ಬದಲಿಸಿದರೆ ಗುಂಪು ಸುಧಾರಿಸಿದರೂ ಕಾರಣ ತಿಳಿಯುವುದಿಲ್ಲ.

ಹೊಡೆದು ಮುಗಿದ ಮೇಲೆ

ಹೊಡೆದ ಕೇಸುಗಳನ್ನು ರೇಂಜಿನಲ್ಲೇ ಪಾತ್ರೆ ತೊಳೆಯುವ ಸೋಪಿನ ನೀರು ತುಂಬಿದ ಡಬ್ಬಕ್ಕೆ ಹಾಕಿಬಿಡಿ. ಕಿಟ್ಟ ಹಿತ್ತಾಳೆಯನ್ನು ತಿನ್ನುತ್ತದೆ, ಮನೆಗೆ ಬಂದು ಮರುದಿನ ತೊಳೆಯುತ್ತೇನೆ ಎಂದರೆ ಹಸಿರು ಕಲೆ ಕೂತಿರುತ್ತದೆ. ಪ್ರೈಮರ್ ತೆಗೆದು, ಬ್ರಷ್‌ನಿಂದ ಒಳಗೆ ಉಜ್ಜಿ, ಎರಡು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಒಳಗೆ ತೇವ ಉಳಿದ ಕೇಸಿಗೆ ತುಂಬಿದ ಮದ್ದು ಹೊತ್ತುವುದೇ ಅನುಮಾನ.

ನಳಿಗೆಗೂ ನೀರೇ ಔಷಧ. ಹೊಗೆರಹಿತ ಮದ್ದಿನ ಸಾಲ್ವೆಂಟ್ ಕರಿಮದ್ದಿನ ಲವಣವನ್ನು ಕರಗಿಸುವುದಿಲ್ಲ. ಸೋಪಿನ ನೀರಿನ ಬಟ್ಟೆ, ಅಥವಾ ನೀರಿನಲ್ಲಿ ಬೆರೆಯುವ ಬ್ಯಾಲಿಸ್ಟಾಲ್ ಎಣ್ಣೆ ಒಂದು ಪಾಲಿಗೆ ನೀರು ಏಳರಿಂದ ಹತ್ತು ಪಾಲು ಬೆರೆಸಿದ ಹಾಲು ಬಣ್ಣದ ದ್ರವ ಸಾಕು. ಬಟ್ಟೆ ಬಿಳಿಯಾಗಿ ಬರುವ ತನಕ ತೂರಿಸಿ. ಅಚ್ಚನ್ನು ಕೆಳಗಿಳಿಸಿ ಹೊರತೆಗೆದು ಅದರ ಮುಖ, ಪಿನ್ನಿನ ತೂತು, ಅದು ಜಾರುವ ಗೋಡೆಗಳನ್ನೂ ತೊಳೆಯಿರಿ. ಅಚ್ಚು ಬಿಗಿಯಾಗಿ ಕಚ್ಚಿಕೊಳ್ಳುವ ದೂರು ಬರುವುದೆಲ್ಲ ಇಲ್ಲಿ ಉಳಿದ ಕಿಟ್ಟದಿಂದ. ಒಣಗಿಸಿ ತೆಳ್ಳಗೆ ಎಣ್ಣೆ ಸವರಿ. ಮರುದಿನ ಮತ್ತೊಂದು ಒಣ ಬಟ್ಟೆ ತೂರಿಸಿ ನೋಡಿ. ಬಟ್ಟೆಯಲ್ಲಿ ಕಂದು ಬಣ್ಣ ಕಂಡರೆ ಲವಣ ಉಳಿದಿದೆ: ಮತ್ತೆ ನೀರು, ಮತ್ತೆ ಒಣ ಬಟ್ಟೆ, ಮತ್ತೆ ಎಣ್ಣೆ. ಮುಂದಿನ ಸಲ ಹೊಡೆಯುವ ಮೊದಲು ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಬೇಕು, ಅದೂ ಪೆಟ್ರೋಲಿಯಂ ಎಣ್ಣೆಯಾಗಿದ್ದರೆ ಮೊದಲ ಗುಂಡಿಗೇ ಡಾಂಬರು ಕಟ್ಟುತ್ತದೆ.